ಓದಿ ನೋಡಿ, ಕೊನೆ ಮಾತ್ರ ಕೇಳಬೇಡಿ

"ಒಂದೊಳ್ಳೆ ಥ್ರಿಲ್ಲರ್ ಇದ್ರೆ ಹೇಳಿ" ಎಂದು ಯಾರಾದರೂ ಕೇಳಿದರೆ ನಾವು ಹಿಂದೆಮುಂದೆ ನೋಡುವುದಿಲ್ಲ. ಕಳೆದ ತಿಂಗಳು ನಮ್ಮ ನಿದ್ದೆ ಕೆಡಿಸಿದ ಪುಸ್ತಕದ ಹೆಸರು ಹೇಳಿಬಿಡುತ್ತೇವೆ. ಕೇಳಿದವರು ಏನು ಓದಿಕೊಂಡು ಬಂದವರು, ಮಲಗುವ ಮುಂಚೆ ಓದುತ್ತಾರೋ ಮೆಟ್ರೋದಲ್ಲಿ ನಿಂತು ಓದುತ್ತಾರೋ, ರಕ್ತ ಕಂಡರೆ ಪುಸ್ತಕ ಮುಚ್ಚಿಡುವವರೋ, ಒಂದನ್ನೂ ವಿಚಾರಿಸುವುದಿಲ್ಲ. ಅಗಾಥಾ ಕ್ರಿಸ್ಟಿಯ ಹಳ್ಳಿ, ಚಹಾ ಕಪ್ಪು, ಚಿಟಿಕೆ ವಿಷಗಳಿಗೆ ಒಗ್ಗಿಹೋದ ನಿವೃತ್ತ ಮೇಷ್ಟ್ರಿಗೆ ಸ್ಟೀಗ್ ಲಾರ್ಸನ್ನನ 'ದ ಗರ್ಲ್ ವಿತ್ ದ ಡ್ರಾಗನ್ ಟ್ಯಾಟೂ' ಕೊಟ್ಟರೆ ಅದು ವಾರದೊಳಗೆ ವಾಪಸ್ ಬರುತ್ತದೆ. ಅಷ್ಟರಲ್ಲಿ ನಿಮ್ಮ ಬಗ್ಗೆ ಅವರಿಗಿದ್ದ ಸದಭಿಪ್ರಾಯವೂ ಒಂದು ಸುತ್ತು ಇಳಿದಿರುತ್ತದೆ. ಪುಸ್ತಕದ್ದೂ ತಪ್ಪಿಲ್ಲ, ಮೇಷ್ಟ್ರದ್ದೂ ತಪ್ಪಿಲ್ಲ.

ಅಂಗಡಿಯಲ್ಲಿ ಒಂದೇ ಕಪಾಟಿನಲ್ಲಿ ಜೋಡಿಸಿಟ್ಟರೂ ಈ ಪುಸ್ತಕಗಳು ಕೊಡುವ ಸುಖ ಒಂದೇ ಬಗೆಯದಲ್ಲ. ಕೆಲವರಿಗೆ ಕೊಲೆ ಮಾಡಿದ್ದು ಯಾರೆಂದು ಗೊತ್ತಾಗಬೇಕು, ಅದೂ ಪತ್ತೇದಾರ ಬಾಯಿಬಿಡುವ ಒಂದು ಪುಟ ಮುಂಚೆ. ಕೆಲವರಿಗೆ ಯಾರೆಂದು ಮೊದಲೇ ಗೊತ್ತಿದ್ದರೂ ಪರವಾಗಿಲ್ಲ, ಸಿಕ್ಕಿಬೀಳುತ್ತಾನಾ ಇಲ್ಲವಾ ಎಂಬ ತಳಮಳ ಬೇಕು. ಇನ್ನು ಕೆಲವರಿಗೆ ಕೊಲೆ ಬರೀ ನೆಪ. ಆ ಊರು, ಆ ಸ್ಟೇಷನ್ನು, ಆ ಮನೆಯವರು ಒಬ್ಬರಿಗೊಬ್ಬರು ಮುಚ್ಚಿಟ್ಟದ್ದು, ಅದೇ ಅವರಿಗೆ ಕಥೆ. ಎದುರಿಗಿರುವವರು ಯಾವುದಕ್ಕೆ ಕಾದು ಕೂರುವವರು ಎಂದು ಮೊದಲು ತಿಳಿದುಕೊಳ್ಳಬೇಕು. ಪುಸ್ತಕ ಎಷ್ಟು ಒಳ್ಳೆಯದು ಎಂಬ ಮಾತು ಆಮೇಲಿನದು.

ಅರ್ಧಕ್ಕೆ ಬಿಟ್ಟದ್ದು ಯಾವುದು?

ನಿಮ್ಮ ಮೆಚ್ಚಿನ ಪುಸ್ತಕ ಯಾವುದೆಂದು ಕೇಳಿದರೆ ಜನ ಮರ್ಯಾದೆಯ ಉತ್ತರ ಕೊಡುತ್ತಾರೆ. ಅರ್ಧಕ್ಕೆ ಬಿಟ್ಟದ್ದು ಯಾವುದು, ಯಾಕೆ ಬಿಟ್ಟಿರಿ ಎಂದು ಕೇಳಿ ನೋಡಿ, ಆಗ ನಿಜ ಹೊರಬೀಳುತ್ತದೆ. "ಹೆಸರುಗಳೇ ತಲೆಗೆ ಹತ್ತಲಿಲ್ಲ ಸಾರ್." "ನೂರು ಪುಟ ಆದ್ರೂ ಒಬ್ಬರೂ ಸಾಯ್ಲಿಲ್ವಲ್ಲ!" "ಆ ಹುಡುಗಿಗೆ ಮಾಡಿದ್ದು ಓದೋಕಾಗ್ಲಿಲ್ಲಮ್ಮ, ಎತ್ತಿಟ್ಟುಬಿಟ್ಟೆ." ಈ ಮೂವರೂ ಬೇರೆ ಬೇರೆ ಗಿರಾಕಿಗಳು. ಹೆಸರಿನ ಕಾಟ ಇರುವವರಿಗೆ ಫ್ರೆಂಚಿನಲ್ಲಿ ಬರೆದ ಜಾರ್ಜ್ ಸಿಮೆನಾನ್ ಸರಿ. ಅವನ ಇನ್‌ಸ್ಪೆಕ್ಟರ್ ಮೆಗ್ರೆಯ ಕಾದಂಬರಿಗಳು 75 ಇವೆ. ಎಲ್ಲವೂ ತೆಳ್ಳಗಿವೆ, ಪಾತ್ರಗಳು ಬೆರಳೆಣಿಕೆ, ಒಂದು ಭಾನುವಾರಕ್ಕೆ ಒಂದು ಮುಗಿಯುತ್ತದೆ. ಹೆಣ ಬೀಳದೆ ಚಡಪಡಿಸುವವರಿಗೆ ಕ್ರಿಸ್ಟಿಯ 'ಅಂಡ್ ದೆನ್ ದೇರ್ ವರ್ ನನ್' (1939) ಕೊಟ್ಟು ಸುಮ್ಮನೆ ಬಂದುಬಿಡಿ. ದ್ವೀಪವೊಂದರಲ್ಲಿ ಹತ್ತು ಜನ, ಊಟದ ಮೇಜಿನ ಮೇಲೆ ಹತ್ತು ಗೊಂಬೆ. ಜನ ಕಡಿಮೆಯಾದಂತೆ ಗೊಂಬೆಗಳೂ ಕಡಿಮೆಯಾಗುತ್ತವೆ. ಮೂರನೆಯವರ ಮಾತಿಗೆ ಆಮೇಲೆ ಬರುತ್ತೇನೆ.

ಹೆಚ್ಚು ಓದುವ ಅಭ್ಯಾಸ ಇಲ್ಲದವರು ಕೇಳಿದರೆ ಸಿನಿಮಾ ಹಿಡಿದು ವಿಚಾರಿಸುವುದು ಸುಲಭದ ದಾರಿ. ರವಿಚಂದ್ರನ್ ಅಭಿನಯದ 'ದೃಶ್ಯ' (2014) ನೋಡಿ ಎರಡು ದಿನ ಅದೇ ಗುಂಗಿನಲ್ಲಿದ್ದೆ ಅನ್ನುವವರಿಗೆ ಕೈಗೊ ಹಿಗಾಶಿನೊ ಬರೆದ 'ದ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್' ಹೇಳಿ ಮಾಡಿಸಿದ್ದು. ಟೋಕಿಯೊದಲ್ಲಿ ಡಬ್ಬಿ ಊಟ ಮಾರುವ ಅಂಗಡಿಯಲ್ಲಿ ದುಡಿಯುವ ಯಾಸುಕೊ, ಶಾಲೆಗೆ ಹೋಗುವ ಮಗಳು, ದುಡ್ಡು ಕೀಳಲು ಮನೆ ಹುಡುಕಿಕೊಂಡು ಬರುವ ಮಾಜಿ ಗಂಡ. ಕೊಲೆ ನಮ್ಮ ಕಣ್ಣೆದುರೇ ಮೊದಲ ಅಧ್ಯಾಯದಲ್ಲೇ ಆಗಿಹೋಗುತ್ತದೆ. ಸದ್ದು ಕೇಳಿಸಿಕೊಂಡ ಪಕ್ಕದ ಮನೆಯ ಗಣಿತದ ಮೇಷ್ಟ್ರು ಇಷಿಗಾಮಿ ನೆರವಿಗೆ ನಿಲ್ಲುತ್ತಾನೆ. ಅಲ್ಲಿಂದ ಮುಂದಿನದೆಲ್ಲ ಅವನ ಲೆಕ್ಕ. ಕೊಂದವರು ಯಾರೆಂದು ಗೊತ್ತು, ಯಾಕೆಂದು ಗೊತ್ತು, ಮುಚ್ಚಿಹಾಕುತ್ತಿರುವುದು ಯಾರೆಂದೂ ಗೊತ್ತು. ಆದರೂ ಕೊನೆಯ ಪುಟಗಳಲ್ಲಿ ನಮಗೆ ಏನೇನೂ ಗೊತ್ತಿರಲಿಲ್ಲ ಅನಿಸುವಂತೆ ಮಾಡುತ್ತಾನೆ ಹಿಗಾಶಿನೊ. 2005ರ ಈ ಕಾದಂಬರಿಗೆ ಜಪಾನಿನ ನವೋಕಿ ಪ್ರಶಸ್ತಿ ಬಂದಿದೆ. ಕೊಡುವ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕು: ಕರೀನಾ ಕಪೂರ್ ನಟಿಸಿದ ಹಿಂದಿಯ 'ಜಾನೇ ಜಾನ್' (2023) ನೋಡಿದ್ದೀರಾ? ಅದು ಇದೇ ಕಥೆ. ನೋಡಿದ್ದರೆ ಬೇರೆ ಪುಸ್ತಕ ಹುಡುಕಿ.

'ಕವಲುದಾರಿ' (2019) ಮೆಚ್ಚಿದವರು ಇನ್ನೊಂದು ಜಾತಿ. ಹಳೆಯ ಫೈಲು, ದೂಳು, ಕೈಕೊಡುವ ಸುಳಿವು, ಹಠ ಬಿಡದ ಪೊಲೀಸಿನವನು, ಇವರಿಗೆ ಇಷ್ಟವಾಗುವುದು ಇದು. ಇಂಥವರಿಗೆ ಸ್ವೀಡನ್ನಿನ ಮಾಯ್ ಶೋವಾಲ್ ಮತ್ತು ಪೇರ್ ವಾಲೂ ಜೋಡಿ ಬರೆದ 'ರೋಸಾನ್ನಾ' (1965) ಕೊಡುತ್ತೇನೆ. ಕಾಲುವೆಯ ಹೂಳೆತ್ತುವ ಯಂತ್ರಕ್ಕೆ ಒಬ್ಬ ಹೆಂಗಸಿನ ಹೆಣ ಸಿಗುತ್ತದೆ. ಅವಳು ಯಾರೆಂದು ತಿಳಿಯುವುದಕ್ಕೇ ತಿಂಗಳುಗಳು ಹಿಡಿಯುತ್ತವೆ. ಮಾರ್ಟಿನ್ ಬೆಕ್ ಎಂಬ ಆ ಪೊಲೀಸಿನವನಿಗೆ ಹೊಟ್ಟೆ ಸರಿಯಿಲ್ಲ, ಸಂಸಾರವೂ ಅಷ್ಟಕ್ಕಷ್ಟೆ, ಮಿಂಚಿನಂಥ ಬುದ್ಧಿಯೂ ಇಲ್ಲ. ಕಾಗದ ಬರೆಯುತ್ತಾನೆ, ಉತ್ತರಕ್ಕೆ ಕಾಯುತ್ತಾನೆ. ಇಬ್ಬರೂ ಒಂದೊಂದು ಅಧ್ಯಾಯ ಹಂಚಿಕೊಂಡು 1965ರಿಂದ 1975ರೊಳಗೆ ಇಂಥ ಹತ್ತು ಕಾದಂಬರಿ ಬರೆದರು. ಕೊಡುವಾಗ "ಮೊದಲ ಅರ್ಧ ನಿಧಾನ, ತಾಳ್ಮೆ ಇರಲಿ" ಎಂದು ಹೇಳಿಯೇ ಕೊಡಬೇಕು. ಆ ಒಂದು ಮಾತು ಹೇಳದಿದ್ದರೆ ನಲವತ್ತನೇ ಪುಟಕ್ಕೆ ಬಿಡುತ್ತಾರೆ, ಹೇಳಿದರೆ ಹತ್ತೂ ಓದುತ್ತಾರೆ.

'ರಂಗಿತರಂಗ'ದವರಿಗೆ ಹಳೆಯ ಮನೆ, ಊರವರ ಭಯ, ದೆವ್ವವೋ ಮನುಷ್ಯನೋ ತಿಳಿಯದ ಕತ್ತಲು ಬೇಕು. ಸೇಶಿ ಯೊಕೊಮಿಜೊನ 'ದ ಹೊಂಜಿನ್ ಮರ್ಡರ್ಸ್' ಅವರ ಪಾಲಿಗೆ ಹಬ್ಬ. ಮದುವೆಯ ರಾತ್ರಿ, ಒಳಗಿನಿಂದ ಭದ್ರವಾಗಿದ್ದ ಮನೆ, ಸುತ್ತ ಹಿಮ, ಹಿಮದ ಮೇಲೆ ಹೆಜ್ಜೆ ಗುರುತಿಲ್ಲ, ನಡುರಾತ್ರಿ ತಂತಿವಾದ್ಯದ ಸದ್ದು. ಇಷ್ಟು ಸಾಕು.

ರೈಲ್ವೆ ಟೈಂಟೇಬಲ್ ಬಾಯಿಪಾಠ ಇರುವವರಿಗೆ

ಪ್ರತಿ ಕುಟುಂಬದಲ್ಲೂ ಒಬ್ಬ ಮಾವ ಇರುತ್ತಾರೆ. ಯಾವ ಗಾಡಿ ಅರಸೀಕೆರೆಗೆ ಎಷ್ಟು ಹೊತ್ತಿಗೆ ಬರುತ್ತದೆ, ಎಲ್ಲಿ ಇಂಜಿನ್ ಬದಲಾಗುತ್ತದೆ, ಯಾವ ಪ್ಲಾಟ್‌ಫಾರಂ, ಎಲ್ಲವೂ ಅವರ ನಾಲಗೆಯ ತುದಿಯಲ್ಲಿ. ಕಾದಂಬರಿ ಅಂದರೆ ಮೂಗು ಮುರಿಯುವ ಈ ಮಾವನಿಗೂ ಒಂದು ಕಾದಂಬರಿ ಇದೆ. ಸೇಚೊ ಮಾತ್ಸುಮೊಟೊ ಬರೆದ 'ಪಾಯಿಂಟ್ಸ್ ಅಂಡ್ ಲೈನ್ಸ್', 1958ರದ್ದು. ಇಂಗ್ಲಿಷಿನಲ್ಲಿ 'ಟೋಕಿಯೊ ಎಕ್ಸ್‌ಪ್ರೆಸ್' ಎಂಬ ಹೆಸರಲ್ಲೂ ಸಿಗುತ್ತದೆ.

ಜಪಾನಿನ ದಕ್ಷಿಣದ ಒಂದು ಕಡಲತೀರದಲ್ಲಿ ಬೆಳಗಿನ ಹೊತ್ತು ಒಬ್ಬ ಗಂಡಸು, ಒಬ್ಬ ಹೆಂಗಸಿನ ಹೆಣ ಅಕ್ಕಪಕ್ಕ ಸಿಗುತ್ತವೆ. ಜ್ಯೂಸಿನ ಬಾಟಲಿ, ವಿಷ. ಪ್ರೇಮಿಗಳ ಆತ್ಮಹತ್ಯೆ ಎಂದು ಎಲ್ಲರೂ ಕೈತೊಳೆದುಕೊಳ್ಳುತ್ತಾರೆ. ಅಲ್ಲಿನ ಒಬ್ಬ ವಯಸ್ಸಾದ, ಬಡಕಲು ಪತ್ತೇದಾರನಿಗೆ ಮಾತ್ರ ಸತ್ತವನ ಜೇಬಿನಲ್ಲಿ ಸಿಕ್ಕ ಒಂದು ಚೀಟಿ ಕಾಡುತ್ತದೆ. ರೈಲಿನ ಊಟದ ಬೋಗಿಯ ರಸೀದಿ ಅದು. ಒಬ್ಬರ ಊಟಕ್ಕೆ ಮಾತ್ರ ಬಿಲ್ ಆಗಿದೆ. ಜೊತೆಯಾಗಿ ಸಾಯಲು ಹೊರಟವರು ಊಟಕ್ಕೆ ಮಾತ್ರ ಒಬ್ಬೊಬ್ಬರೇ ಹೋಗುತ್ತಾರಾ? ಆಮೇಲೆ ಟೋಕಿಯೊ ನಿಲ್ದಾಣದ ಸಂಗತಿ. ಆ ಜೋಡಿ ರೈಲು ಹತ್ತುವುದನ್ನು ಬೇರೊಂದು ಪ್ಲಾಟ್‌ಫಾರಂನಿಂದ ಕಂಡವರಿದ್ದಾರೆ. ಆದರೆ ನಡುವೆ ಸದಾ ಯಾವುದಾದರೂ ಗಾಡಿ ನಿಂತಿರುವುದರಿಂದ ಒಂದು ಪ್ಲಾಟ್‌ಫಾರಂನಿಂದ ಇನ್ನೊಂದು ಕಾಣುವುದು ಸಂಜೆ ಬರೀ ನಾಲ್ಕು ನಿಮಿಷ. ಆ ನಾಲ್ಕೇ ನಿಮಿಷದಲ್ಲಿ ಅವರು ಕಣ್ಣಿಗೆ ಬಿದ್ದದ್ದು ಕಾಕತಾಳೀಯವೇ? ಮಾವ ಪೆನ್ಸಿಲ್ ಹಿಡಿದು ಲೆಕ್ಕ ಹಾಕಲು ಕೂರುತ್ತಾರೆ. ಈ ಕಥೆ ಮೊದಲು ಧಾರಾವಾಹಿಯಾಗಿ ಬಂದದ್ದು ಒಂದು ಪ್ರವಾಸ ಪತ್ರಿಕೆಯಲ್ಲಿ. ಗಾಡಿಗಳ ವೇಳೆಯಲ್ಲಿ ಹೆಚ್ಚುಕಮ್ಮಿಯಾದರೆ ಓದುಗರೇ ಹಿಡಿದುಹಾಕುವಂಥ ಪತ್ರಿಕೆ ಅದು.

ಇದನ್ನು ಇಷ್ಟು ಹೇಳಲು ಕಾರಣ ಇದೆ. ಕ್ರೈಂ ಕಾದಂಬರಿ ಸಾಮಾನ್ಯವಾಗಿ ಒಂದು ಕಸುಬಿನ ಬೆನ್ನೇರಿ ಬರುತ್ತದೆ. ಓದುವವರಿಗೆ ಯಾವುದರ ಹುಚ್ಚು ಇದೆ ಎಂದು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ಗ್ರಂಥಾಲಯ, ಹಸ್ತಪ್ರತಿ, ಧರ್ಮಶಾಸ್ತ್ರ ಅನ್ನುವವರಿಗೆ ಉಂಬರ್ಟೊ ಎಕೊನ 'ದ ನೇಮ್ ಆಫ್ ದ ರೋಸ್'. ಆಸ್ಪತ್ರೆಯ ಹಾಸಿಗೆಯಲ್ಲೇ ಮಲಗಿ ಇತಿಹಾಸದ ಹಳೆಯ ಆರೋಪವೊಂದನ್ನು ಬಿಡಿಸುವ ಪೊಲೀಸಿನವನ ಕಥೆ ಬೇಕೆಂದರೆ ಜೋಸೆಫಿನ್ ಟೇ ಬರೆದ 'ದ ಡಾಟರ್ ಆಫ್ ಟೈಮ್' (1951).

ಎಷ್ಟು ಹೇಳಬೇಕು?

ಮೊದಲ ಮೂವತ್ತು ಪುಟದಲ್ಲಿ ಇರುವಷ್ಟನ್ನು ಹೇಳಬಹುದು, ಅದರಾಚೆಗೆ ಒಂದು ಅಕ್ಷರವೂ ಬೇಡ. ನಾನು ಪಾಲಿಸುವ ನಿಯಮ ಇಷ್ಟೆ. ಮೇಲೆ ಹೇಳಿದ ರೈಲಿನ ಕಥೆಯಲ್ಲಿ ಸ್ವಲ್ಪ ಗೆರೆ ದಾಟಿದ್ದೇನೆ ಎಂದು ಓದಿದವರಿಗೆ ಗೊತ್ತಾಗಿರುತ್ತದೆ, ಮಾವನನ್ನು ಒಲಿಸಲು ಬೇರೆ ದಾರಿ ಇರಲಿಲ್ಲ.

ಕೊಲೆಗಾರನ ಹೆಸರು ಹೇಳಬಾರದೆಂಬುದು ಎಲ್ಲರಿಗೂ ಗೊತ್ತು. ನಿಜವಾದ ಹಾನಿ ಮಾಡುವುದು "ಕೊನೇಲಿ ಒಂದು ಟ್ವಿಸ್ಟ್ ಇದೆ, ಬಿದ್ದೋಗ್ತೀರ" ಎಂಬ ಮಾತು. ಆ ಗಳಿಗೆಯಿಂದ ಓದುಗ ಕಥೆ ಓದುವುದು ಬಿಟ್ಟು ಟ್ವಿಸ್ಟ್ ಹುಡುಕಲು ಕೂರುತ್ತಾನೆ. ಪ್ರತಿ ಪಾತ್ರವನ್ನೂ ಅನುಮಾನಿಸುತ್ತಾನೆ, ಲೇಖಕ ಎಡಕ್ಕೆ ಕೈ ತೋರಿಸಿದರೆ ಬಲಕ್ಕೇ ನೋಡುತ್ತಾನೆ, ಕೊನೆಗೆ "ನಂಗೆ ಮೊದಲೇ ಗೊತ್ತಿತ್ತು" ಅನ್ನುತ್ತಾನೆ. ಕ್ರಿಸ್ಟಿಯ 'ದ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' 1926ರಲ್ಲಿ ಬಂತು. ಅಂದಿನಿಂದ ಜನ ಅದರ ಬಗ್ಗೆ ಪಿಸುಗುಡುತ್ತಲೇ ಇದ್ದಾರೆ, ಆ ಪಿಸುಮಾತೇ ಅದನ್ನು ಅರ್ಧ ಕೊಂದಿದೆ. ಅದನ್ನು ಕೊಡುವ ಸರಿಯಾದ ವಿಧಾನ ಅಂದರೆ ಎರಡು ಮೂರು ಕ್ರಿಸ್ಟಿ ಓದಿಸಿ, ಅವಳ ಪತ್ತೇದಾರ ಪ್ವಾರೋನ ಮೀಸೆ, ಜಂಬಗಳ ಪರಿಚಯ ಆದಮೇಲೆ, ಏನೂ ವಿಶೇಷವಿಲ್ಲ ಎಂಬ ಮುಖ ಮಾಡಿಕೊಂಡು ಕೊಡುವುದು. "ಪ್ವಾರೋ ಕೆಲಸ ಬಿಟ್ಟು ಹಳ್ಳಿಗೆ ಬಂದು ಕುಂಬಳದ ಜಾತಿಯ ಕಾಯಿ ಬೆಳೆಯುತ್ತಿರುತ್ತಾನೆ, ಸಿಟ್ಟು ಬಂದು ಒಂದು ಕಾಯಿಯನ್ನು ಪಕ್ಕದ ಮನೆಯ ಕಾಂಪೌಂಡಿಗೆ ಎಸೆಯುತ್ತಾನೆ" ಎಂದರೆ ಸಾಕು. ಅದು ಪುಸ್ತಕದಲ್ಲೇ ಇದೆ, ತಮಾಷೆಯಾಗಿದೆ, ಯಾವ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ಪುಸ್ತಕವೂ ಇದೆ. ಫ್ರೆಡರಿಕ್ ಫೋರ್ಸೈತ್ ಬರೆದ 'ದ ಡೇ ಆಫ್ ದ ಜಾಕಲ್' (1971) ಫ್ರಾನ್ಸಿನ ಅಧ್ಯಕ್ಷ ದ ಗಾಲ್‌ನನ್ನು 1963ರಲ್ಲಿ ಕೊಲ್ಲಲು ಹೊರಟ ಬಾಡಿಗೆ ಹಂತಕನ ಕಥೆ. ದ ಗಾಲ್ 1970ರಲ್ಲಿ ತನ್ನ ಮನೆಯಲ್ಲಿ ತೀರಿಕೊಂಡ ಎಂಬುದು ಪುಸ್ತಕ ಬಂದಾಗ ಎಲ್ಲರಿಗೂ ಗೊತ್ತಿತ್ತು. ಹಂತಕ ಗೆಲ್ಲುವುದಿಲ್ಲ ಎಂದು ಮೊದಲ ಪುಟಕ್ಕೇ ಖಾತ್ರಿ. ಆದರೂ ಉಸಿರು ಬಿಗಿಹಿಡಿದು ಓದುತ್ತೇವೆ, ಯಾಕೆಂದರೆ ಇಲ್ಲಿರುವ ಸುಖ ತಯಾರಿಯದು. ಆ ಹಂತಕ ಇಂಗ್ಲೆಂಡಿನ ಹಳ್ಳಿಗಳ ಚರ್ಚಿನ ಸ್ಮಶಾನಗಳಲ್ಲಿ ಅಲೆಯುತ್ತಾನೆ. ಹೆಚ್ಚುಕಡಿಮೆ ತನ್ನ ವಯಸ್ಸಿನವನಾಗಬಹುದಾಗಿದ್ದ, ಆದರೆ ಮಗುವಾಗಿದ್ದಾಗಲೇ ಸತ್ತ ಒಬ್ಬನ ಸಮಾಧಿ ಹುಡುಕುತ್ತಾನೆ. ಆ ಮಗುವಿನ ಜನನ ಪ್ರಮಾಣಪತ್ರದ ನಕಲು ತೆಗೆಸಿ, ಅದರ ಹೆಸರಿನಲ್ಲಿ ಪಾಸ್‌ಪೋರ್ಟಿಗೆ ಅರ್ಜಿ ಹಾಕುತ್ತಾನೆ. ತಾಲೂಕು ಕಚೇರಿಯಲ್ಲಿ ಒಂದು ದಾಖಲೆಗೆ ಮೂರು ಸಲ ಅಲೆದವರಿಗೆ ಈ ಅಧ್ಯಾಯ ಓದುವಾಗ ಬೇರೆಯದೇ ಮಜಾ. ಇಂಥ ಪುಸ್ತಕವನ್ನು ಶಿಫಾರಸು ಮಾಡುವಾಗ ಕಥೆಯನ್ನು ಧಾರಾಳವಾಗಿ ಹೇಳಬಹುದು.

ಹಳೆಯ ಕ್ಲಾಸಿಕ್‌ಗಳ ಹೊಸ ಮುದ್ರಣಗಳಲ್ಲಿ ವಿದ್ವಾಂಸರ ಮುನ್ನುಡಿ ಇರುತ್ತದೆ. ಅದನ್ನು ಕೊನೆಗೆ ಓದಲು ಹೇಳಿ. ಎಲ್ಲರೂ ಓದಿರುತ್ತಾರೆ ಎಂದುಕೊಂಡು ಅವರು ಎಲ್ಲ ಗುಟ್ಟನ್ನೂ ಹೇಳಿಬಿಟ್ಟಿರುತ್ತಾರೆ.

ಕನ್ನಡದಲ್ಲಿ ಏನಿದೆ ಅಂತ ಕೇಳಿದರೆ

ಇಂಗ್ಲಿಷ್ ಓದುವವರೂ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳುತ್ತಾರೆ. ಉತ್ತರ ಕೇಳುವವರ ವಯಸ್ಸಿನ ಮೇಲಿದೆ.

ಅರವತ್ತು ದಾಟಿದವರಾದರೆ ಎನ್. ನರಸಿಂಹಯ್ಯ ಎಂಬ ಹೆಸರು ಹೇಳಿದ ಕೂಡಲೇ ಮುಖ ಅರಳುತ್ತದೆ. ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದವರು ಅವರು. ಪುರುಷೋತ್ತಮ, ಅರಿಂಜಯ ಎಂಬ ಅವರ ಪತ್ತೇದಾರರನ್ನು ಬೀದಿಬೀದಿಯ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಸರದಿ ಹಚ್ಚಿ ಓದುತ್ತಿದ್ದರು. ಕನ್ನಡ ಬಾವುಟಕ್ಕೆ ರೂಪ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಬರೆದವರೇ. ಆ ಕಾಲದವರಿಗೆ ಇವು ಸಿಕ್ಕರೆ ಧಾರಾಳವಾಗಿ ಕೊಡಿ. ಇಪ್ಪತ್ತೈದರ ಹುಡುಗನಿಗೆ "ಕನ್ನಡದ ಷೆರ್ಲಾಕ್ ಹೋಮ್ಸ್" ಎಂದು ಹೊಗಳಿ ಕೊಡುವುದು ಮಾತ್ರ ಬೇಡ. ವೇಗಕ್ಕೆಂದು ಬರೆದ ಸರಳ ಕಥೆಗಳು ಅವು, ಮೊಬೈಲು, ಸಿಸಿಟಿವಿ ನಡುವೆ ಬೆಳೆದವನಿಗೆ ಮೊದಲ ಓದಿನಲ್ಲಿ ಬಾಲಿಶ ಅನಿಸಬಹುದು. ಟಿ.ಕೆ. ರಾಮರಾವ್ ಹಾಗಲ್ಲ. ಅವರ ಪೊಲೀಸರು, ಅವರ ಊರುಗಳು ಇಂದಿಗೂ ನಂಬುವ ಹಾಗಿವೆ. 'ಬಂಗಾರದ ಮನುಷ್ಯ' ಸಿನಿಮಾ ಆದ ಕಾದಂಬರಿ ಇವರದೇ ಎಂದು ಹೇಳಿದರೆ ಹೊಸಬರು ಕಣ್ಣರಳಿಸುತ್ತಾರೆ. ರಾಜೀವಪ್ಪನನ್ನು ಸೃಷ್ಟಿಸಿದ ಕೈಯೇ ಕೊಲೆ ತನಿಖೆಗಳನ್ನೂ ಬರೆಯಿತು.

ವಯಸ್ಸಿನ ಭೇದವಿಲ್ಲದೆ ನಾನು ಎಲ್ಲರಿಗೂ ಕೊಡುವುದು ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್'. ತೇಜಸ್ವಿ ಅಂದರೆ 'ಕರ್ವಾಲೊ', ಹಾರುವ ಓತಿ, ಪರಿಸರ ಎಂದು ಪಾಠಪುಸ್ತಕದ ನೆನಪಿನಲ್ಲಿ ಉಳಿದವರಿಗೆ ಇದನ್ನು ಓದಿಸಬೇಕು. ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ಎಂಬ ಎಳೆಯ ದಂಪತಿ, ಮಲೆನಾಡಿನ ನಡುವಿನ ಒಂದು ಕ್ರಾಸು, ಅವರಿಗೆ ಅರಿವಿಲ್ಲದೆಯೇ ಸುತ್ತಿಕೊಳ್ಳುವ ಕಾಳದಂಧೆ. ಒಂದೇ ದಿನದಲ್ಲಿ ನಡೆಯುವ ಕಥೆ. ಬಸ್ಸಿನಲ್ಲಿ ಪಕ್ಕ ಕೂತವನು ಯಾರು, ಕೈಗೆ ಬಂದ ಗಂಟಿನಲ್ಲಿ ಏನಿದೆ ಎಂಬ ಸಣ್ಣ ಸಣ್ಣ ಅನುಮಾನಗಳಲ್ಲೇ ಭಯ ಹುಟ್ಟಿಸುವ ಕಲೆ ಅವರಿಗೆ ಗೊತ್ತಿತ್ತು. ನಡುವೆ ಹಳೆಯ ಕಾವ್ಯದ ಒಗಟೂ ಇದೆ, ಕೆಂಪು ಹರಳಿನ ಆಸೆಯೂ ಇದೆ. 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಚಿದಂಬರ ರಹಸ್ಯ'ವೂ ಕೆಸರೂರೆಂಬ ಊರಿನಲ್ಲಿ ಏಲಕ್ಕಿ ವಿಜ್ಞಾನಿ ಜೋಗಿಹಾಳರ ಸಾವಿನ ಜಾಡು ಹಿಡಿದೇ ಹೊರಡುತ್ತದೆ. ಆದರೆ ಅದನ್ನು ಪತ್ತೇದಾರಿ ಎಂದು ಹೇಳಿ ಕೊಡಬೇಡಿ. ಕೊನೆಗೆ ಎಲ್ಲರನ್ನೂ ಹಜಾರದಲ್ಲಿ ಕೂರಿಸಿ ವಿವರಿಸುವ ಸಮಾಧಾನವನ್ನು ಬಯಸುವವರು ಸಿಟ್ಟಾಗುತ್ತಾರೆ. ಒಂದು ಊರು ಒಳಗೊಳಗೇ ಹೇಗೆ ಕೊಳೆಯುತ್ತದೆ ಎಂದು ನೋಡುವ ಕುತೂಹಲ ಇರುವವರಿಗೆ ಅದು.

ಕೆ.ಎನ್. ಗಣೇಶಯ್ಯನವರ ಓದುಗರು ಸಂಪೂರ್ಣ ಬೇರೆ. ಕೃಷಿ ವಿಜ್ಞಾನಿಯಾದ ಅವರು ಇತಿಹಾಸ, ಶಾಸನ, ಸಸ್ಯಶಾಸ್ತ್ರಗಳನ್ನು ಸೇರಿಸಿ ಥ್ರಿಲ್ಲರ್ ಹೆಣೆಯುತ್ತಾರೆ. ಹೊಯ್ಸಳ ದೇವಾಲಯಗಳ ವಿಗ್ರಹಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂಥದ್ದು ಕಾಣುತ್ತದೆ. ಮುಸುಕಿನ ಜೋಳವೋ ಅಮೆರಿಕ ಖಂಡದ ಬೆಳೆ, ಕೊಲಂಬಸ್ ನಂತರವಷ್ಟೇ ಈ ಕಡೆ ಬಂದದ್ದು ಎಂದು ನಾವು ಓದಿದ್ದೇವೆ. ಹಾಗಾದರೆ ಕಲ್ಲಿನಲ್ಲಿ ಕೆತ್ತಿರುವುದು ಏನು? 'ಕನಕ ಮುಸುಕು' ಹೊರಡುವುದು ಇಲ್ಲಿಂದ. 'ಕರಿಸಿರಿಯಾನ'ದಲ್ಲಿ ವಿಜಯನಗರದ ಸಂಪತ್ತಿನ ಬೇಟೆ. ಸೋಮನಾಥಪುರಕ್ಕೆ ಹೋದರೆ ಗೈಡಿಗೇ ಪ್ರಶ್ನೆ ಕೇಳುವ ಜಾತಿಯವರಿಗೆ ಇವು ಸರಿ. ಪಾತ್ರಗಳ ಒಳಮನಸ್ಸು ಬೇಕೆನ್ನುವವರಿಗೆ ಮಾಹಿತಿ ಹೆಚ್ಚಾಯಿತು ಅನಿಸುತ್ತದೆ, ಅದನ್ನು ಮುಚ್ಚಿಡುವುದು ಬೇಡ.

ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ತೆಲುಗಿನದಾದರೂ ಕನ್ನಡದವರು ಅದನ್ನು ತಮ್ಮದೇ ಮಾಡಿಕೊಂಡುಬಿಟ್ಟಿದ್ದಾರೆ. ಮಾಟಕ್ಕೆ ಗುರಿಯಾಗುವುದು ಒಂದು ಎಳೆ ಮಗು. ಮನೆಯಲ್ಲಿ ಚಿಕ್ಕ ಮಕ್ಕಳಿರುವವರಿಗೆ ಈ ಮಾತು ಹೇಳಿಯೇ ಕೊಡಿ.

ಅಂಗಡಿಯವರು ಥ್ರಿಲ್ಲರ್ ಕಪಾಟಿನಲ್ಲಿ ಇಡದ, ಆದರೆ ಇಡಬೇಕಾದ ಎರಡು ಕನ್ನಡ ಪುಸ್ತಕಗಳಿವೆ. ಒಂದು ಯಶವಂತ ಚಿತ್ತಾಲರ 'ಶಿಕಾರಿ' (1979). ಮುಂಬಯಿಯ ಕಂಪೆನಿಯೊಂದರ ಅಧಿಕಾರಿ ನಾಗಪ್ಪನನ್ನು ಇದ್ದಕ್ಕಿದ್ದಂತೆ ಕೆಲಸದಿಂದ ದೂರ ಇಡುತ್ತಾರೆ, ಕಾರಣ ಹೇಳುವುದಿಲ್ಲ. ಯಾರು ತನ್ನ ಬೆನ್ನು ಹತ್ತಿದ್ದಾರೆ, ಯಾಕೆ? ಆಫೀಸಿನಲ್ಲಿ ತನ್ನ ಬೆನ್ನ ಹಿಂದೆ ಮೀಟಿಂಗ್ ನಡೆದದ್ದನ್ನು ಕಂಡವರಿಗೆ ಇದಕ್ಕಿಂತ ಭಯಾನಕ ಕಾದಂಬರಿ ಬೇಕಿಲ್ಲ. ಗಾತ್ರ ದೊಡ್ಡದು, ಓದು ನಿಧಾನ. ಇನ್ನೊಂದು ವಿವೇಕ ಶಾನಭಾಗರ 'ಘಾಚರ್ ಘೋಚರ್'. ಬೆಂಗಳೂರಿನ ಒಂದು ಕಾಫಿ ಹೌಸು, ಮಸಾಲೆ ವ್ಯಾಪಾರದಿಂದ ಏಕಾಏಕಿ ದುಡ್ಡು ಕಂಡ ಒಂದು ಕುಟುಂಬ, ಮನೆ ತುಂಬ ಇರುವೆ. ಗಿಲಿಯನ್ ಫ್ಲಿನ್‌ಳ 'ಗಾನ್ ಗರ್ಲ್' ಓದಿ ದಾಂಪತ್ಯದ ಭಯಕ್ಕೆ ಬಿದ್ದವರಿಗೆ ಇದನ್ನು ಕೊಡುತ್ತೇನೆ. ಒಂದು ಸಂಜೆಗೆ ಮುಗಿಯುತ್ತದೆ. ಮುಗಿಸಿದವರು ಕೊನೆಯ ಎರಡು ಪುಟವನ್ನು ತಿರುಗಿ ಓದುತ್ತಾರೆ.

ಹೊಸಬರಲ್ಲಿ ಅನುಷ್ ಶೆಟ್ಟಿಯವರ 'ಹುಲಿ ಪತ್ರಿಕೆ', 'ನೀನು ನಿನ್ನೊಳಗೆ ಖೈದಿ'ಗಳನ್ನು ಕಾಲೇಜಿನ ಹುಡುಗರು ಕೈಯಿಂದ ಕೈಗೆ ದಾಟಿಸುತ್ತಾರೆ. ಕಟ್ಟುಕಥೆ ಬೇಡ, ನಡೆದದ್ದು ಬೇಕು ಎನ್ನುವವರಿಗೆ ಅಗ್ನಿ ಶ್ರೀಧರ್ ಅವರ 'ದಾದಾಗಿರಿಯ ದಿನಗಳು'. 'ಆ ದಿನಗಳು' (2007) ಸಿನಿಮಾದ ಮೂಲ ಅದು.

ಹೊರದೇಶದಲ್ಲಿ ಬೆಳೆದ, ಕನ್ನಡ ಮಾತಾಡಿದರೂ ಓದಲು ತೊಡರುವ ಅಣ್ಣನ ಮಕ್ಕಳು, ಅಕ್ಕನ ಮಕ್ಕಳು ಊರಿನ ಕಥೆ ಕೇಳಿದರೆ ಇಂಗ್ಲಿಷಿನಲ್ಲೇ ಬೆಂಗಳೂರು ಸಿಗುತ್ತದೆ. ಹರಿಣಿ ನಾಗೇಂದ್ರ ಬರೆದ 'ದ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್' (2022) 1921ರ ಬೆಂಗಳೂರಿನದು. ಸೀರೆ ಉಟ್ಟುಕೊಂಡೇ ಈಜುವ, ಗಣಿತ ಪ್ರಿಯಳಾದ ಹೊಸ ಮದುವಣಗಿತ್ತಿ ಕಾವೇರಿ ಇದರ ಪತ್ತೇದಾರಿಣಿ. ಹದಿಹರೆಯದವರಿಗೂ ಕೊಡಬಹುದು. ಅನಿತಾ ನಾಯರ್ ಅವರ 'ಕಟ್ ಲೈಕ್ ವೂಂಡ್' (2012) ದೊಡ್ಡವರಿಗೆ ಮಾತ್ರ. ಇನ್‌ಸ್ಪೆಕ್ಟರ್ ಬೋರೇಗೌಡ, ಬುಲೆಟ್ಟು, ರಂಜಾನ್ ತಿಂಗಳ ಶಿವಾಜಿನಗರ, ಎಲ್ಲವೂ ಇದೆ, ಕ್ರೌರ್ಯವೂ ಇದೆ.

ಕ್ರೌರ್ಯ, ಕ್ರಮ, ಹಳೇ ಪುಸ್ತಕದಂಗಡಿ

ಓದಲಾಗದೆ ಎತ್ತಿಟ್ಟ ಆ ಮೂರನೆಯವರ ಸಂಗತಿ ಈಗ. ಕ್ರೌರ್ಯದ ಮಾತು ಬಂದಾಗ ಗುಟ್ಟು ಕಾಯುವ ನಿಯಮವನ್ನು ಸಡಿಲಿಸಬೇಕು. ಲಾರ್ಸನ್ನನ ಕಾದಂಬರಿಯಲ್ಲಿ ಲೈಂಗಿಕ ಹಿಂಸೆ ಇದೆ. ಅನಿತಾ ನಾಯರ್ ಅವರ ಎರಡನೆಯ ಗೌಡ ಕಾದಂಬರಿ 'ಚೈನ್ ಆಫ್ ಕಸ್ಟಡಿ' ಮಕ್ಕಳ ಸಾಗಣೆಯ ಬಗ್ಗೆ. "ಇದರಲ್ಲಿ ಇಂಥದ್ದು ಬರುತ್ತದೆ, ನೋಡಿಕೊಳ್ಳಿ" ಎಂದು ಹೇಳಿದರೆ ಯಾವ ರಹಸ್ಯವೂ ಒಡೆಯುವುದಿಲ್ಲ. ಮನೆಯಲ್ಲಿ ಇತ್ತೀಚೆಗೆ ಸಾವಾದವರಿಗೆ ನಾನಂತೂ ಕೊಲೆಯ ಪುಸ್ತಕ ಕೊಡುವುದೇ ಇಲ್ಲ. ಕೆಲವರು ತಾವೇ ಕೇಳಿ ಪಡೆಯುತ್ತಾರೆ. ಪ್ರಶ್ನೆಗೆ ಕೊನೆಗೊಂದು ಉತ್ತರ ಸಿಗುವ ಲೋಕ ಅವರಿಗೆ ಆಗ ಬೇಕಾಗಿರುತ್ತದೋ ಏನೋ. ಆಗ ಕೊಡುವುದು ಫೆಲೂದಾ. ಸತ್ಯಜಿತ್ ರಾಯ್ ಮಕ್ಕಳಿಗೆಂದು ಬರೆದ ಈ ಕಥೆಗಳಲ್ಲಿ ಬುದ್ಧಿಯ ಆಟ ಇದೆ, ಅಸಹ್ಯ ಇಲ್ಲ.

ಸರಣಿಗಳಲ್ಲಿ ಪ್ವಾರೋ, ಮೆಗ್ರೆ, ಫೆಲೂದಾ ಎಲ್ಲಿಂದ ಬೇಕಾದರೂ ಶುರುಮಾಡಬಹುದು. ಪ್ವಾರೋನ 'ಕರ್ಟನ್' ಮಾತ್ರ ಕಟ್ಟಕಡೆಗೆ. ಎರಡನೇ ಮಹಾಯುದ್ಧದ ಹೊತ್ತಿಗೇ ಬರೆದು ಎತ್ತಿಟ್ಟು, ಕ್ರಿಸ್ಟಿ ಅದನ್ನು ಹೊರತಂದದ್ದು 1975ರಲ್ಲಿ. ಲಾರ್ಸನ್, ಬೋರೇಗೌಡ, ಮಾರ್ಟಿನ್ ಬೆಕ್ ಮೊದಲಿನಿಂದಲೇ ಓದಬೇಕು. ಇವರ ಸಂಸಾರದ ಕಥೆ ಪುಸ್ತಕದಿಂದ ಪುಸ್ತಕಕ್ಕೆ ಬೆಳೆಯುತ್ತದೆ.

ಹಳೇ ಪುಸ್ತಕ ಕೊಳ್ಳಲು ಬೆಂಗಳೂರಿನಲ್ಲಿ ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್ ಇವೆ, ಅವೆನ್ಯೂ ರಸ್ತೆಯ ಫುಟ್‌ಪಾತ್ ಇದೆ. ಕ್ರಿಸ್ಟಿ ಕೊಳ್ಳುವಾಗ ಹುಷಾರು. ಇಂಗ್ಲೆಂಡಿನಲ್ಲಿ ಒಂದು ಹೆಸರು, ಅಮೆರಿಕದಲ್ಲಿ ಇನ್ನೊಂದು ಹೆಸರು ಇಟ್ಟು ಮಾರಿದ ಪುಸ್ತಕಗಳು ಎಷ್ಟೋ ಇವೆ. '4.50 ಫ್ರಂ ಪ್ಯಾಡಿಂಗ್ಟನ್' ಮತ್ತು 'ವಾಟ್ ಮಿಸೆಸ್ ಮೆಕ್‌ಗಿಲಿಕಡಿ ಸಾ' ಎರಡೂ ಒಂದೇ. ಎರಡನ್ನೂ ಕೊಂಡು ಮನೆಗೆ ತಂದವರಿದ್ದಾರೆ. ಹಳೇ ಪ್ರತಿಯಾದರೆ ಕೊನೆಯ ಪುಟ ಇದೆಯೇ ಎಂದು ಅಲ್ಲೇ ನಿಂತು ನೋಡಿ, ಕಣ್ಣು ಕಿರಿದು ಮಾಡಿಕೊಂಡು, ಅಕ್ಷರ ಓದದೆ. ಅಂಚಿನಲ್ಲಿ ಹಿಂದಿನ ಮಹಾನುಭಾವ ಪೆನ್ಸಿಲಿನಲ್ಲಿ "ಇವನೇ!" ಎಂದು ಬರೆದಿದ್ದಾನೋ ಎಂದೂ ನೋಡಿ.

ಪುಸ್ತಕ ವಾಪಸ್ ಬಂದಾಗ "ಹೇಗಿತ್ತು?" ಎಂದು ಕೇಳುವುದಕ್ಕಿಂತ "ಎಷ್ಟನೇ ಪುಟಕ್ಕೆ ಗೊತ್ತಾಯ್ತು?" ಎಂದು ಕೇಳುವುದು ಮೇಲು. ಕೊನೆಯವರೆಗೂ ಗೊತ್ತಾಗಲಿಲ್ಲ ಎಂದು ಖುಷಿಪಟ್ಟವರಿಗೆ ಅದೇ ಲೇಖಕರ ಇನ್ನೊಂದು. ಅರ್ಧದಲ್ಲೇ ಹಿಡಿದುಬಿಟ್ಟೆ ಎಂದು ಬೀಗುವವರಿಗೆ ಹಿಗಾಶಿನೊನ 'ಮ್ಯಾಲಿಸ್'. ಯಾರು ಎಂದು ಹಿಡಿಯುವುದೇ ಜಾಣತನವಾದರೆ ಅವರು ಅದರಲ್ಲಿ ಬೇಗ ಗೆಲ್ಲುತ್ತಾರೆ, ಗೆದ್ದ ಮೇಲೂ ಇನ್ನೂ ಅಷ್ಟೊಂದು ಪುಟ ಯಾಕೆ ಉಳಿದಿದೆ ಎಂದು ಫೋನ್ ಮಾಡುತ್ತಾರೆ. ಆಗಲೂ ಏನೂ ಹೇಳಬೇಡಿ.